ಮನೆ ದುರಸ್ತಿಗೆ ಗುತ್ತಿಗೆ ಕೊಡುವ ಮುನ್ನ: ಅಳತೆ, ಮುಂಗಡ, ಕರಾರು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಮನೆ ದುರಸ್ತಿಯ ಮಾತೆತ್ತಿಲ್ಲ. ಹೊಸ ಮನೆ ಕಟ್ಟುವಾಗ ಮಾಲೀಕರು ಬೇರೆಡೆ ವಾಸವಿರುತ್ತಾರೆ. ಕೆಲಸ ನಿಂತರೆ ಇನ್ನಷ್ಟು ತಿಂಗಳು ಬಾಡಿಗೆ ಕಟ್ಟಿಯಾದರೂ ತಡೆದುಕೊಳ್ಳಬಹುದು. ದುರಸ್ತಿಯಲ್ಲಿ ಆ ಅವಕಾಶವಿಲ್ಲ. ಒಡೆದ ಸ್ನಾನದ ಮನೆ, ಕಿತ್ತಿಟ್ಟ ಅಡುಗೆಕಟ್ಟೆ ಮತ್ತು ಸಿಮೆಂಟ್ ಧೂಳಿನ ನಡುವೆಯೇ ಸಂಸಾರ ಸಾಗಬೇಕು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಫೋನ್ ಎತ್ತದಿರುವ ಗುತ್ತಿಗೆದಾರನ ಮುಂದೆ ಮಾಲೀಕರು ಅಸಹಾಯಕರಾಗುವುದು ಈ ಕಾರಣದಿಂದಲೇ.

ಇಂತಹ ಜಗಳಗಳ ಮೂಲ ಹುಡುಕಿದರೆ ಮೋಸಕ್ಕಿಂತ ಹೆಚ್ಚಾಗಿ ಕಾಣಸಿಗುವುದು ಬಾಯಿಮಾತು. 'ಚದರಡಿಗೆ ಇಷ್ಟು' ಎಂದಾಗ ಮಾಲೀಕರು ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ, ಮೇಸ್ತ್ರಿ ಇನ್ನೊಂದು. 'ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ ಸಾರ್' ಎಂಬ ಮಾತಿನೊಂದಿಗೆ ಕೆಲಸ ಆರಂಭವಾಗುತ್ತದೆ. ಆಮೇಲೆ ನೋಡುವ ಹೊತ್ತಿಗೆ ಗೋಡೆ ಒಡೆದಿರುತ್ತದೆ, ಹಣವೂ ಕೈಬಿಟ್ಟಿರುತ್ತದೆ.

ಮೂರು ಬಗೆಯ ಗುತ್ತಿಗೆ

ರಾಜ್ಯದ ನಗರಗಳಲ್ಲಿ ದುರಸ್ತಿ ಕೆಲಸ ಸಾಮಾನ್ಯವಾಗಿ ಮೂರು ರೀತಿಯಲ್ಲಿ ನಡೆಯುತ್ತದೆ. ಮೊದಲನೆಯದು ದಿನಗೂಲಿ. ಗಾರೆ ಕೆಲಸದವರಿಗೆ, ಹೆಲ್ಪರ್‌ಗೆ ದಿನದ ಲೆಕ್ಕದಲ್ಲಿ ಕೂಲಿ, ಸಾಮಗ್ರಿ ಮಾಲೀಕರದು. ಎರಡನೆಯದು ಲೇಬರ್ ಕಾಂಟ್ರಾಕ್ಟ್. ಇದರಲ್ಲಿ ಕೂಲಿ ಮಾತ್ರ ಅಳತೆಯ ಮೇಲೆ ನಿಗದಿಯಾಗುತ್ತದೆ, ಸಾಮಗ್ರಿಯನ್ನು ಮಾಲೀಕರೇ ತರಿಸಿಕೊಡಬೇಕು. ಮೂರನೆಯದು ಮೆಟೀರಿಯಲ್ ಸಮೇತ ಗುತ್ತಿಗೆ. ಇಲ್ಲಿ ಎಲ್ಲವೂ ಗುತ್ತಿಗೆದಾರರ ಜವಾಬ್ದಾರಿ.

ಯಾವುದು ಲಾಭದಾಯಕ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ತಾರಸಿ ಸೋರಿಕೆ, ಗೋಡೆಯೊಳಗಿನ ಪೈಪ್ ಒಡೆದಿರುವುದು ಮೊದಲಾದ, ಬಿಚ್ಚಿ ನೋಡುವವರೆಗೂ ವ್ಯಾಪ್ತಿ ತಿಳಿಯದ ಕೆಲಸಗಳಿಗೆ ದಿನಗೂಲಿಯೇ ಸೂಕ್ತ. ಅಂಥ ಕೆಲಸಕ್ಕೆ ಮೊದಲೇ ಒಟ್ಟು ಮೊತ್ತ ಹೇಳುವವರು ಒಂದೋ ಬಹಳ ಹೆಚ್ಚು ಹೇಳಿರುತ್ತಾರೆ, ಇಲ್ಲವೇ ಮೇಲ್ಮೇಲೆ ತೇಪೆ ಹಾಕಿ ಹೋಗುತ್ತಾರೆ. ಟೈಲ್ಸ್, ಗಿಲಾವು, ಬಣ್ಣ ಇವು ಅಳತೆಗೆ ಸಿಗುವ ಕೆಲಸಗಳಾದ್ದರಿಂದ ಲೇಬರ್ ಕಾಂಟ್ರಾಕ್ಟ್ ಒಪ್ಪುತ್ತದೆ. ಮೆಟೀರಿಯಲ್ ಸಮೇತ ಗುತ್ತಿಗೆಯಲ್ಲಿ ಓಡಾಟ ಉಳಿಯುತ್ತದೆ, ಆದರೆ ಯಾವ ದರ್ಜೆಯ ವಸ್ತು ಎಂಬುದನ್ನು ಬರೆಸಿಕೊಳ್ಳದಿದ್ದರೆ ಉಳಿದದ್ದು ಓಡಾಟ ಮಾತ್ರ.

ಮಾಡ್ಯುಲರ್ ಅಡುಗೆಮನೆ, ವಾರ್ಡ್‌ರೋಬ್‌ಗಳನ್ನು ಪ್ಯಾಕೇಜ್ ದರದಲ್ಲಿ ಮಾಡಿಕೊಡುವ ಸಂಸ್ಥೆಗಳೂ ಈಗ ಬಹಳಷ್ಟಿವೆ. ಅವುಗಳ ದರಪಟ್ಟಿ ನೋಡಲು ಅಚ್ಚುಕಟ್ಟು. ಹಳೆಯ ಕಟ್ಟೆ ಒಡೆಯುವುದು, ವೈರಿಂಗ್, ಪ್ಲಂಬಿಂಗ್ ಆ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಕೇಳಿಯೇ ಮುಂದುವರಿಯಬೇಕು.

ಹಳೆಯ ಕೆಲಸ ನೋಡುವುದು

ಪರಿಚಯದವರು ಹೇಳಿದರೆಂದು ಮೇಸ್ತ್ರಿಯನ್ನು ಗೊತ್ತುಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಅದು ತಪ್ಪಲ್ಲ. ಆದರೆ ತೋರಿಸುವ ಕೆಲಸ ಮೊನ್ನೆ ಮೊನ್ನೆ ಮುಗಿದದ್ದಾಗಿದ್ದರೆ ಪ್ರಯೋಜನವಿಲ್ಲ. ಹೊಸ ಬಣ್ಣದ ಗೋಡೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮಳೆಗಾಲ ಕಂಡ ಕೆಲಸವನ್ನು ನೋಡಬೇಕು. ಸ್ನಾನದ ಮನೆಯ ಹೊರಗೋಡೆಯಲ್ಲಿ ತೇವವಿದೆಯೇ, ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ, ತಾರಸಿಯಲ್ಲಿ ನೀರು ನಿಂತ ಗುರುತಿದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಆ ಮನೆಯವರನ್ನು 'ಕೆಲಸ ಹೇಗಿದೆ' ಎನ್ನುವುದಕ್ಕಿಂತ 'ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ವ್ಯತ್ಯಾಸ ಬಂತು' ಎಂದು ಕೇಳುವುದು ಉಪಯುಕ್ತ.

ಗುತ್ತಿಗೆದಾರರು ಜಿಎಸ್‌ಟಿ ಬಿಲ್ ಕೊಡುವುದಾಗಿ ಹೇಳಿ ತೆರಿಗೆ ಸೇರಿಸಿದರೆ ಅವರ ನೋಂದಣಿ ಸಂಖ್ಯೆ ಕೇಳಿ ಪಡೆಯಬೇಕು. ಇದು 15 ಅಕ್ಷರ-ಅಂಕಿಗಳ ಸಂಖ್ಯೆ. ಕರ್ನಾಟಕದಲ್ಲಿ ನೋಂದಾಯಿತರಾದವರದು 29ರಿಂದ ಆರಂಭವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಸಂಸ್ಥೆಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಯಾರಿಗೂ ಕಾಣುತ್ತದೆ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಸಣ್ಣ ಮೇಸ್ತ್ರಿಗಳಿಗೆ ನೋಂದಣಿ ಇಲ್ಲದಿರುವುದು ಸಹಜ, ಅದನ್ನೇ ದೋಷವೆಂದು ಎಣಿಸಬೇಕಿಲ್ಲ.

ಎರಡು ಮೂರು ಕಡೆ ದರ ಕೇಳುವುದಾದರೆ ಎಲ್ಲರಿಗೂ ಒಂದೇ ಕೆಲಸದ ಪಟ್ಟಿ ಕೊಡಬೇಕು. ಒಬ್ಬರು ಒಡೆದ ಮಣ್ಣು ಸಾಗಿಸುವುದನ್ನು ಸೇರಿಸಿ, ಇನ್ನೊಬ್ಬರು ಬಿಟ್ಟು ದರ ಹೇಳಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಅಳತೆಯೇ ಜಗಳದ ಬೇರು

ದರ ಒಪ್ಪಿಕೊಂಡ ಮಾತ್ರಕ್ಕೆ ಲೆಕ್ಕ ತೀರ್ಮಾನವಾಯಿತೆಂದು ಭಾವಿಸುವವರೇ ಹೆಚ್ಚು. ದರ ಅರ್ಧ ಮಾತ್ರ, ಉಳಿದರ್ಧ ಅಳತೆ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಅದರ ನೆಲ 120 ಚದರಡಿ. ನಾಲ್ಕು ಗೋಡೆಗಳು ಸೇರಿ 440 ಚದರಡಿ, ಮೇಲ್ಛಾವಣಿಯ 120 ಸೇರಿಸಿದರೆ 560 ಚದರಡಿ. ಬಣ್ಣದ ದರ ಹೇಳಿದವರು 560ಕ್ಕೆ ಹೇಳಿದ್ದಾರೆಯೇ, ಮಾಲೀಕರು 120ಕ್ಕೆ ಕೇಳಿಸಿಕೊಂಡಿದ್ದಾರೆಯೇ? ಸುಮಾರು ಐದು ಪಟ್ಟು ವ್ಯತ್ಯಾಸದ ಪ್ರಶ್ನೆಯಿದು. ಹಳೆಯ ತಲೆಮಾರಿನ ಮೇಸ್ತ್ರಿಗಳು ಮನೆಯನ್ನು 'ಚದರ'ದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರವೆಂದರೆ 100 ಚದರಡಿ. 'ಚದರಕ್ಕೆ' ಮತ್ತು 'ಚದರಡಿಗೆ' ಎಂಬ ಪದಗಳು ಫೋನಿನಲ್ಲಿ ಒಂದೇ ತರಹ ಕೇಳಿಸುತ್ತವೆ!

ಬಾಗಿಲು, ಕಿಟಕಿಗಳ ಜಾಗವನ್ನು ಕಳೆಯಬೇಕೇ ಎಂಬುದು ಮತ್ತೊಂದು ತಕರಾರು. ಮೇಲಿನ ಕೋಣೆಯಲ್ಲಿ 7 ಅಡಿಗೆ 3 ಅಡಿಯ ಬಾಗಿಲು, 4 ಅಡಿಗೆ 4 ಅಡಿಯ ಕಿಟಕಿ ಇದ್ದರೆ ಅವೆರಡೂ ಸೇರಿ 37 ಚದರಡಿ. ಇದು ಮಾಲೀಕರ ಇಷ್ಟಕ್ಕೋ ಮೇಸ್ತ್ರಿಯ ಇಷ್ಟಕ್ಕೋ ಬಿಟ್ಟ ವಿಷಯವಲ್ಲ. ಕಟ್ಟಡ ಕೆಲಸದ ಅಳತೆಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 1200 ಎಂಬ ಮಾನದಂಡವಿದೆ. ಅದರ ಪ್ರಕಾರ ಗಿಲಾವು ಅಳೆಯುವಾಗ ಅರ್ಧ ಚದರ ಮೀಟರ್‌ಗಿಂತ ದೊಡ್ಡದಲ್ಲದ ತೆರವನ್ನು ಕಳೆಯುವುದಿಲ್ಲ. ಅರ್ಧದಿಂದ 3 ಚದರ ಮೀಟರ್‌ವರೆಗಿನ ತೆರವಿದ್ದರೆ ಗೋಡೆಯ ಎರಡು ಮೈಗಳ ಪೈಕಿ ಒಂದು ಮೈಗೆ ಮಾತ್ರ ಕಳೆಯುತ್ತಾರೆ. ಬಾಗಿಲು-ಕಿಟಕಿಗಳ ಪಕ್ಕದ ಅಂಚುಗಳಿಗೆ ತಗಲುವ ಶ್ರಮಕ್ಕೆ ಇದು ಪರಿಹಾರ. ಸಾಮಾನ್ಯ ಬಾಗಿಲು, ಕಿಟಕಿ ಈ ಗುಂಪಿಗೇ ಸೇರುತ್ತವೆ. ಸರ್ಕಾರಿ ಕಾಮಗಾರಿಗಳಲ್ಲಿ ಇದೇ ಕ್ರಮ. ಖಾಸಗಿ ಮನೆಗಳಲ್ಲಿ ಇದನ್ನೇ ಪಾಲಿಸಬೇಕೆಂಬ ಕಡ್ಡಾಯವಿಲ್ಲ. ಆದರೆ 'ಅಳತೆ ಐಎಸ್ 1200ರಂತೆ' ಎಂಬ ಒಂದು ಸಾಲನ್ನು ಕರಾರಿಗೆ ಸೇರಿಸಿದರೆ ಕೊನೆಯ ದಿನದ ವಾಗ್ವಾದ ತಪ್ಪುತ್ತದೆ.

ಟೈಲ್ಸ್‌ನಲ್ಲಿಯೂ ಹೀಗೆಯೇ. ಎರಡು ಅಡಿಗೆ ಎರಡು ಅಡಿಯ ಒಂದು ಟೈಲ್ 4 ಚದರಡಿ ಮುಚ್ಚುತ್ತದೆ. 120 ಚದರಡಿಗೆ ಲೆಕ್ಕಕ್ಕೆ 30 ಸಾಕು, ಕತ್ತರಿಸುವುದು ಮತ್ತು ಒಡೆಯುವುದಕ್ಕೆಂದು ಮೂರು ಹೆಚ್ಚು ತರಿಸುವುದು ವಾಡಿಕೆ. ಗೋಡೆಯ ಬುಡದ ಸ್ಕರ್ಟಿಂಗ್ ಅನ್ನು ಚದರಡಿಯಲ್ಲಿ ಅಲ್ಲ, ಉದ್ದಡಿಯಲ್ಲಿ ಅಳೆದು ಬೇರೆ ದರ ಹಾಕುತ್ತಾರೆ. ಇದನ್ನು ಮೊದಲೇ ಹೇಳುವವರು ಕಡಿಮೆ. ಟೈಲ್ಸ್ ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ಬ್ಯಾಚ್ ಬದಲಾದರೆ ಬಣ್ಣ ಕೂಡುವುದಿಲ್ಲ.

ಮುಂಗಡ ಮತ್ತು ಶನಿವಾರದ ಬಟವಾಡೆ

ಕೆಲಸ ನಿಲ್ಲುವುದಕ್ಕೆ ಅತಿ ದೊಡ್ಡ ಕಾರಣ ಹಣದ ಹರಿವು. ಒಬ್ಬ ಮೇಸ್ತ್ರಿಯ ಕೈಯಲ್ಲಿ ಏಕಕಾಲಕ್ಕೆ ಮೂರು-ನಾಲ್ಕು ಮನೆಗಳಿರುತ್ತವೆ. ವಾರದ ಕೊನೆಗೆ ಆಳುಗಳಿಗೆ ಬಟವಾಡೆ ಆಗಲೇಬೇಕು, ಇಲ್ಲವಾದರೆ ಸೋಮವಾರ ಯಾರೂ ಬರುವುದಿಲ್ಲ. ಒಂದು ಮನೆಯಿಂದ ಹಣ ಬಾರದಿದ್ದಾಗ ಇನ್ನೊಂದು ಮನೆಯ ಮುಂಗಡದಿಂದ ಆ ವಾರ ತುಂಬುತ್ತದೆ. ಹೊಸ ಕೆಲಸ ಒಪ್ಪಿಕೊಳ್ಳುವುದೇ ಎಷ್ಟೋ ಬಾರಿ ಹಳೆಯ ಕೆಲಸದ ಬಟವಾಡೆಗಾಗಿ. ಮೊತ್ತದ ಅರ್ಧವನ್ನು ಮೊದಲ ದಿನವೇ ಕೊಟ್ಟ ಮಾಲೀಕರ ಮನೆಯ ಮುಂದೆ ಆ ಹಣಕ್ಕೆ ತಕ್ಕ ಮರಳಾಗಲಿ ಸಿಮೆಂಟಾಗಲಿ ಇಳಿಯದಿರುವುದರ ಗುಟ್ಟು ಇದು. ಅದನ್ನು ವಂಚನೆ ಎನ್ನುವುದು ಸುಲಭ, ಆದರೆ ಬಂಡವಾಳವಿಲ್ಲದ ವ್ಯಾಪಾರ ಎನ್ನುವುದು ಹೆಚ್ಚು ಸರಿ. ಫಲ ಮಾತ್ರ ಎರಡರದೂ ಒಂದೇ.

ಆದ್ದರಿಂದ ಕೊಟ್ಟ ಹಣ ಆದ ಕೆಲಸಕ್ಕಿಂತ ಯಾವಾಗಲೂ ಒಂದು ಹೆಜ್ಜೆ ಹಿಂದಿರಬೇಕು. ಒಂದೇ ಹೆಜ್ಜೆ, ಮೂರು ಹೆಜ್ಜೆಯಲ್ಲ. ಉದಾಹರಣೆಗೆ 5 ಲಕ್ಷ ರೂ. ವೆಚ್ಚದ ಸ್ನಾನದ ಮನೆ ಮತ್ತು ಅಡುಗೆಮನೆಯ ಕೆಲಸವನ್ನು ಹೀಗೆ ಹಂಚಬಹುದು: ಸಾಮಗ್ರಿ ಇಳಿದು ಕೆಲಸ ಆರಂಭವಾದಾಗ 50 ಸಾವಿರ, ಒಡೆಯುವುದು, ಪೈಪ್, ಜಲನಿರೋಧಕ ಲೇಪನ ಮುಗಿದು ನೀರಿನ ಪರೀಕ್ಷೆಯಾದಾಗ 1.25 ಲಕ್ಷ, ಟೈಲ್ಸ್ ಮುಗಿದಾಗ 1.25 ಲಕ್ಷ; ಮರಗೆಲಸ, ಬಣ್ಣವಾದಾಗ 1 ಲಕ್ಷ; ಎಲ್ಲ ಮುಗಿದು ಮನೆ ಶುಚಿಯಾದಾಗ 50 ಸಾವಿರ. ಉಳಿದ 50 ಸಾವಿರವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದು. ಸಣ್ಣ ಮೇಸ್ತ್ರಿಗಳು ಈ ಕೊನೆಯ ಷರತ್ತಿಗೆ ಒಪ್ಪುವುದು ಕಷ್ಟ. ಅಂಥಲ್ಲಿ ಶೇ. 5ರಷ್ಟನ್ನಾದರೂ ಎರಡು-ಮೂರು ತಿಂಗಳು ಉಳಿಸಿಕೊಳ್ಳುವಂತೆ ಮಾತನಾಡಬಹುದು.

'ಸಾರ್, ಶನಿವಾರ ಬಟವಾಡೆ ಇದೆ, ಸ್ವಲ್ಪ ಅಡ್ಜಸ್ಟ್ ಮಾಡಿ' ಎಂದು ಮೇಸ್ತ್ರಿ ಕೇಳಿದಾಗ ಅದನ್ನು ಪೂರ್ತಿ ತಳ್ಳಿಹಾಕುವುದೂ ಸಲ್ಲದು. ಆ ವಾರ ಆದ ಕೆಲಸ ಅಳೆದು ಅಷ್ಟಕ್ಕೆ ಹಣ ಕೊಡುವುದರಿಂದ ಇಬ್ಬರಿಗೂ ನಷ್ಟವಿಲ್ಲ. ಹಂತ ಮುಗಿದ ಮೇಲೂ ಹಣ ಕೊಡದೆ ವಾರಗಟ್ಟಲೆ ಸತಾಯಿಸುವ ಮಾಲೀಕರ ಮನೆಗೆ ಒಳ್ಳೆಯ ಕೆಲಸಗಾರರು ತಿರುಗಿ ಬರುವುದಿಲ್ಲ.

ಪಾವತಿ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಆಗುವುದು ಕ್ಷೇಮ. ನಗದು ಕೊಟ್ಟರೆ ಪ್ರತಿ ಬಾರಿಯೂ ಸಹಿಯುಳ್ಳ ರಸೀದಿ ಇರಬೇಕು. ಒಂದೇ ವ್ಯವಹಾರಕ್ಕೆ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ.

ಕರಾರಿನಲ್ಲಿ ಏನಿರಬೇಕು

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ತೊಂದರೆ ಇರುವುದು ಅದನ್ನು ಸಾಬೀತುಪಡಿಸುವುದರಲ್ಲಿ. ಇ-ಸ್ಟಾಂಪ್ ಕಾಗದದಲ್ಲಿ ಎರಡು-ಮೂರು ಪುಟದ ಕರಾರು ಮಾಡಿಕೊಂಡರೆ ಸಾಕು, ವಕೀಲರ ಭಾಷೆಯೂ ಬೇಕಿಲ್ಲ. ಕೆಲಸದ ಪಟ್ಟಿ, ಅಳತೆಯ ಕ್ರಮ, ದರ, ಹಣದ ಹಂತಗಳು, ಮುಗಿಸುವ ದಿನಾಂಕ, ತಡವಾದರೆ ಏನು ಕಡಿತ, ಮಣ್ಣು-ಕಲ್ಲು ಸಾಗಿಸುವ ಹೊಣೆ ಯಾರದು, ಕೆಲಸದ ವೇಳೆ ಆಳುಗಳಿಗೆ ಪೆಟ್ಟಾದರೆ ಚಿಕಿತ್ಸೆ ಮತ್ತು ವಿಮೆ ಯಾರದು ಎಂಬುದಿರಲಿ. ಕೊನೆಯದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಸಾರುವೆಯ ಮೇಲಿಂದ ಒಬ್ಬ ಪೇಂಟರ್ ಬಿದ್ದ ದಿನ ಅದಕ್ಕಿಂತ ಮುಖ್ಯವಾದ ಸಾಲು ಬೇರೊಂದಿರುವುದಿಲ್ಲ.

ಸಾಮಗ್ರಿಯ ವಿಷಯದಲ್ಲಿ 'ಒಳ್ಳೆ ಕ್ವಾಲಿಟಿ', 'ಬ್ರಾಂಡೆಡ್' ಎಂಬ ಪದಗಳಿಗೆ ಅರ್ಥವಿಲ್ಲ. ಪ್ಲೈವುಡ್ ಆದರೆ ಐಎಸ್ 303 ದರ್ಜೆಯದೇ ಅಥವಾ ನೀರಿನ ಜಾಗಕ್ಕೆ ಬೇಕಾದ ಐಎಸ್ 710 ಮೆರೈನ್ ದರ್ಜೆಯದೇ, ಎಷ್ಟು ಮಿ.ಮೀ. ದಪ್ಪ ಎಂದು ಬರೆಯಬೇಕು. ವೈರ್ ಆದರೆ ಎಷ್ಟು ಚದರ ಮಿ.ಮೀ., ಬಣ್ಣವಾದರೆ ಯಾವ ಕಂಪನಿಯ ಯಾವ ಹೆಸರಿನದು, ಪ್ರೈಮರ್ ಎಷ್ಟು ಕೋಟ್, ಮೇಲೆ ಎಷ್ಟು ಕೋಟ್. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿತವಾಗಿರುತ್ತದೆ. ಮೂರು ತಿಂಗಳು ಮೀರಿದ ಸಿಮೆಂಟ್ ಬಲ ಕಳೆದುಕೊಂಡಿರುವ ಸಾಧ್ಯತೆ ಹೆಚ್ಚು.

ಗೋಡೆ ಒಡೆಯುವ ಮುನ್ನ

ಸುಣ್ಣಬಣ್ಣ, ಗಿಲಾವು, ನೆಲಹಾಸಿನ ಬದಲಾವಣೆಗೆ ಸಾಮಾನ್ಯವಾಗಿ ನಗರಾಡಳಿತದ ಪರವಾನಗಿ ಬೇಕಿಲ್ಲ. ಕೋಣೆ ಹೆಚ್ಚಿಸುವುದು, ಮೇಲಂತಸ್ತು ಕಟ್ಟುವುದು ಮುಂತಾದವಕ್ಕೆ ಬೇಕು. ಬೆಂಗಳೂರಿನಲ್ಲಿ ಬಿಬಿಎಂಪಿಯ ಜಾಗಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ ತಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಬೇಕು. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ, ಠೇವಣಿ, ಕೆಲಸದ ವೇಳೆಯ ನಿಯಮ ಇದ್ದೇ ಇರುತ್ತದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹಳೆಯ ಬಡಾವಣೆಗಳ ಮನೆಗಳಲ್ಲಿ ಪಿಲ್ಲರ್ ಇರುವುದಿಲ್ಲ, ಗೋಡೆಯೇ ಭಾರ ಹೊರುತ್ತದೆ. ಕರಾವಳಿಯ ಕೆಂಪುಕಲ್ಲಿನ ಮನೆಗಳೂ ಬಹುಪಾಲು ಹೀಗೆಯೇ. ಹಾಲ್ ದೊಡ್ಡದು ಮಾಡಲೆಂದು ಅಂತಹ ಗೋಡೆ ತೆಗೆಯುವ ಮಾತು ಬಂದರೆ ಮೇಸ್ತ್ರಿಯ 'ಏನೂ ಆಗಲ್ಲ ಸಾರ್' ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಡಬೇಕು. ಅವರ ಶುಲ್ಕ ಇಡೀ ಕೆಲಸದ ವೆಚ್ಚದಲ್ಲಿ ಅತ್ಯಲ್ಪ. ವಿದ್ಯುತ್ ಕೆಲಸಕ್ಕೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದ ಗುತ್ತಿಗೆದಾರರೇ ಬೇಕು. ಎಸಿ, ಗೀಸರ್ ಹೆಚ್ಚಿಸುವುದಾದರೆ ಮಂಜೂರಾದ ಲೋಡ್ ಎಷ್ಟು ಎಂದು ವಿದ್ಯುತ್ ಬಿಲ್ಲಿನಲ್ಲಿ ನೋಡಬೇಕು.

ಕೆಲಸ ನಡೆಯುವ ದಿನಗಳಲ್ಲಿ

ತಾರಸಿಯ ಜಲನಿರೋಧಕ ಕೆಲಸಕ್ಕೆ ಜನವರಿಯಿಂದ ಮೇವರೆಗಿನ ಕಾಲ ಸೂಕ್ತ. ಮಳೆ ಹಿಡಿದ ಮೇಲೆ ಕರೆದರೆ ಒದ್ದೆ ಮೈಮೇಲೆ ಲೇಪನ ಬಳಿದು ಹೋಗುತ್ತಾರೆ, ಅದು ನಿಲ್ಲುವುದಿಲ್ಲ. ಗಾರೆ ಕೆಲಸದವರಲ್ಲಿ ಅನೇಕರು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದಲೂ, ಟೈಲ್ಸ್ ಮತ್ತು ಬಣ್ಣದವರು ಉತ್ತರ ಹಾಗೂ ಪೂರ್ವ ಭಾರತದ ರಾಜ್ಯಗಳಿಂದಲೂ ಬಂದವರು. ಹಬ್ಬ, ಜಾತ್ರೆ, ಸುಗ್ಗಿ, ಚುನಾವಣೆಗೆ ಊರಿಗೆ ಹೋಗಿಯೇ ಹೋಗುತ್ತಾರೆ. ಯುಗಾದಿಗೆ ಹತ್ತು ದಿನವಿರುವಾಗ ಆರಂಭಿಸಿದ ಕೆಲಸ ಹಬ್ಬದೊಳಗೆ ಮುಗಿಯಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಸ್ನಾನದ ಮನೆಯಲ್ಲಿ ಲೇಪನವಾದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ದಾರಿ ಮುಚ್ಚಿ ನೆಲದ ಮೇಲೆ ಒಂದೆರಡು ಅಂಗುಲ ನೀರು ನಿಲ್ಲಿಸಿ 48 ಗಂಟೆ ಬಿಡಬೇಕು. ಕೆಳಗಿನ ಮನೆಯ ಛಾವಣಿಯಲ್ಲಿ ತೇವ ಕಾಣದಿದ್ದರೆ ಮುಂದುವರಿಯಬಹುದು. ಎರಡು ದಿನ ಕೆಲಸ ನಿಲ್ಲುತ್ತದೆಂದು ಈ ಪರೀಕ್ಷೆ ತಪ್ಪಿಸಲು ನೋಡುವವರು ಹಲವರು. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಕಂಡರೆ ಎಲ್ಲವನ್ನೂ ಒಡೆಯಬೇಕಾಗುವುದರಿಂದ ಈ ಎರಡು ದಿನ ಬಿಟ್ಟುಕೊಡುವಂಥದ್ದಲ್ಲ.

ಕಾಂಕ್ರೀಟ್‌ಗೆ ನೀರುಣಿಸುವ ಕ್ಯೂರಿಂಗ್ ಕೆಲಸ ಯಾರದೆಂದು ಕೇಳಿದರೆ ಬಹುತೇಕ ಕಡೆ ಉತ್ತರವಿರುವುದಿಲ್ಲ. ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟ್ ಆದರೆ ಕನಿಷ್ಠ 7 ದಿನ, ಈಗ ಹೆಚ್ಚು ಬಳಕೆಯಲ್ಲಿರುವ ಪಿಪಿಸಿಯಂತಹ ಮಿಶ್ರ ಸಿಮೆಂಟ್ ಆದರೆ ಕನಿಷ್ಠ 10 ದಿನ ಒದ್ದೆಯಾಗಿರಬೇಕು. ಆಳುಗಳಿಗೆ ರಜೆಯಿರುವ ಭಾನುವಾರವೂ ಅದರಲ್ಲಿ ಸೇರಿದೆ. ಗೋಡೆ ಮುಚ್ಚುವ ಮೊದಲು ಪೈಪ್ ಮತ್ತು ವೈರ್ ಹೋಗಿರುವ ದಾರಿಯನ್ನು ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ನೆರವಾಗುತ್ತದೆ.

ಬಿಲ್ಲು ಹಿಗ್ಗುವುದು 'ಎಕ್ಸ್‌ಟ್ರಾ' ಹೆಸರಿನಲ್ಲಿ. ಇದರಲ್ಲಿ ಮಾಲೀಕರ ಪಾಲೂ ದೊಡ್ಡದು. ಕಟ್ಟೆಯ ಎತ್ತರ ಬದಲಿಸಿ, ಇಲ್ಲೊಂದು ಪಾಯಿಂಟ್ ಕೊಡಿ ಎಂದು ನಿಂತ ನಿಲುವಿನಲ್ಲಿ ಹೇಳುವವರು ಅವರೇ. ಪಟ್ಟಿಯಲ್ಲಿಲ್ಲದ ಯಾವ ಕೆಲಸವೂ ಮೊತ್ತ ತಿಳಿಸಿ ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಗೆ ಬಂದ ಮೇಲಷ್ಟೇ ಆರಂಭವಾಗಬೇಕು ಎಂಬ ನಿಯಮ ಇಬ್ಬರಿಗೂ ಅನ್ವಯಿಸಲಿ.

ತಕರಾರು ಬಂದರೆ

ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದೆಂದು ಭಾವಿಸುವವರಿದ್ದಾರೆ. ರೇರಾ ಕಾಯ್ದೆಯ ಐದು ವರ್ಷದ ದೋಷ ಹೊಣೆಗಾರಿಕೆ ಅನ್ವಯಿಸುವುದು ಯೋಜನೆಗಳ ಪ್ರವರ್ತಕರಿಗೆ. ಸ್ವಂತ ಮನೆಯ ದುರಸ್ತಿಗೆ ಬಂದ ಗುತ್ತಿಗೆದಾರರಿಗೆ ಅದು ತಟ್ಟುವುದಿಲ್ಲ. ಪೊಲೀಸ್ ಠಾಣೆಯಲ್ಲಿ 'ಇದು ಸಿವಿಲ್ ವಿಷಯ' ಎಂಬ ಉತ್ತರ ಬರುವುದೇ ಹೆಚ್ಚು. ಆರಂಭದಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಬರೀ ವಿಳಂಬ ವಂಚನೆಯ ಅಪರಾಧವಾಗುವುದಿಲ್ಲ.

ದಾರಿ ಇರುವುದು ಗ್ರಾಹಕರ ಆಯೋಗದಲ್ಲಿ. ಗೃಹ ನಿರ್ಮಾಣವೂ 'ಸೇವೆ' ಎಂಬುದನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಕೊಟ್ಟ ಹಣ 50 ಲಕ್ಷ ರೂ. ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ; 5 ಲಕ್ಷದವರೆಗೆ ಶುಲ್ಕವಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಅಂಗಡಿ, ಕಚೇರಿಯಂತಹ ವಾಣಿಜ್ಯ ಉದ್ದೇಶದ ಕಟ್ಟಡವಾದರೆ ಆಯೋಗದ ಬಾಗಿಲು ಮುಚ್ಚಿರುವ ಸಾಧ್ಯತೆ ಇದ್ದು, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾದೀತು. ದೂರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕೆಲವು ಸಂಸ್ಥೆಗಳು ಅಲ್ಲಿಯೇ ರಾಜಿಗೆ ಬರುವುದುಂಟು.

ಇಂಥ ಪ್ರಕರಣಗಳಲ್ಲಿ ಮಾಲೀಕರಿಗೆ ಮುಳುವಾಗಬಲ್ಲ ಒಂದು ಆತುರವಿದೆ. ಕೆಲಸ ಕೆಟ್ಟಿತೆಂಬ ಬೇಸರದಲ್ಲಿ ಬೇರೊಬ್ಬರನ್ನು ಕರೆಸಿ ಎಲ್ಲ ಒಡೆಸಿ ಸರಿಪಡಿಸಿಕೊಂಡು, ಅನಂತರ ಆಯೋಗದ ಮುಂದೆ ನಿಂತರೆ ತೋರಿಸಲು ಏನೂ ಉಳಿದಿರುವುದಿಲ್ಲ. ಮೊದಲು ಗುತ್ತಿಗೆದಾರರಿಗೆ ಲಿಖಿತ ನೋಟಿಸ್, ಬಳಿಕ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರಿಂದ ದೋಷಗಳ ಮತ್ತು ಸರಿಪಡಿಸುವ ವೆಚ್ಚದ ವರದಿ, ದಿನಾಂಕವಿರುವ ಚಿತ್ರಗಳು, ಇವೆಲ್ಲ ಆದ ಮೇಲೆ ಒಡೆಯಬೇಕು. ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಬಹುದು. ಮೂರು ತಿಂಗಳಲ್ಲಿ, ತಜ್ಞ ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ ತೀರ್ಪು ಬರಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ದೂರು ಸಲ್ಲಿಸಲು ವ್ಯಾಜ್ಯದ ಕಾರಣ ಉಂಟಾದ ದಿನದಿಂದ 2 ವರ್ಷದ ಗಡುವಿದೆ. ಸಿವಿಲ್ ದಾವೆಗೆ 3 ವರ್ಷ. 'ಮುಂದಿನ ವಾರ ಬರ್ತೀನಿ' ಎಂಬ ಗುತ್ತಿಗೆದಾರರ ಭರವಸೆಯಿಂದ ಮಾತ್ರ ಈ ಗಡುವು ಮುಂದಕ್ಕೆ ಹೋಗುವುದಿಲ್ಲ.